ಗಾಣದ ಮನೆಯ ರೇಸ್ ಸೈಕಲ್ಲು

ಸೇವೆ ಮಾಡಬೇಕು, ಸೇವೆ ಮಾಡಬೇಕು ಅಂತ ಆಗಿನಿಂದ ಹೇಳುತ್ತಾ ಬಂದೆ. ನೀವೂ ತಲೆ ಆಡಿಸುತ್ತಾ ಬಂದಿರಿ. ಇಷ್ಟು ಸುಲಭವಾಗಿ ಒಪ್ಪುತ್ತಿದ್ದೀರಿ ಅಂದರೆ ನಾನೇ ಎಲ್ಲೋ ಏನೋ ಬಿಟ್ಟಿದ್ದೇನೆ ಅನ್ನುವ ಅನುಮಾನ ಬಂದಿದೆ. ಅದಕ್ಕೇ ಒಂದು ದೃಷ್ಟಾಂತ ಹೇಳುತ್ತೇನೆ. ಕಂಬಕ್ಕೆ ಒರಗಿದವರು ಸ್ವಲ್ಪ ನೆಟ್ಟಗೆ ಕೂತರೆ ಒಳ್ಳೆಯದು. ಶ್ರಾವಣದ ಪ್ರವಚನ ಶುರುವಾದಾಗಿನಿಂದ ಮಠದ ಆ ಕಂಬಕ್ಕೂ ಬಿಡುವಿಲ್ಲ.

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಅಂತ ಶುರು ಮಾಡುವುದು ವಾಡಿಕೆ. ನೋಡಿ, ದೃಷ್ಟಾಂತಗಳಲ್ಲಿ ತಪ್ಪು ಮಾಡುವ ಹಕ್ಕನ್ನೂ ಶ್ರೀಮಂತರಿಗೇ ಕೊಟ್ಟುಬಿಟ್ಟಿದ್ದೇವೆ. ಬರುತ್ತಾನೆ, ತಪ್ಪು ಮಾಡುತ್ತಾನೆ, ಬುದ್ಧಿ ಕಲಿತು ಹೋಗುತ್ತಾನೆ. ಇವತ್ತು ಅವನಿಗೆ ರಜೆ. ಇವತ್ತಿನ ಊರಿನಲ್ಲಿ ಇದ್ದವನು ಒಬ್ಬ ಎಣ್ಣೆ ಗಾಣದವನು. ಊರಿನ ಹೆಸರು ಹೇಳುವುದಿಲ್ಲ, ಅವನ ಹೆಸರೂ ಹೇಳುವುದಿಲ್ಲ. ಹೇಳಿದರೆ ನೀವು ಕಥೆ ಬಿಟ್ಟು ಅವನ ಬೀಗರು ಯಾರು ಅಂತ ಹುಡುಕಲು ಹೋಗುತ್ತೀರಿ.

ಮರದ ಗಾಣ. ಎತ್ತು ಹೋಗಿ ಮೋಟರು ಬಂದಿತ್ತು, ಆದರೆ ಗಾಣ ಮರದ್ದೇ. ಕುಸುಬಿ ಎಣ್ಣೆ ತೆಗೆಯುತ್ತಿದ್ದ. ಕಲಬೆರಕೆ ಅನ್ನುವ ಮಾತು ಆ ಮನೆಯ ಹೊಸ್ತಿಲು ದಾಟಿರಲಿಲ್ಲ. ಒಳ್ಳೆಯ ಮನುಷ್ಯ. ಆದರೆ ಎಲ್ಲ ಕಸುಬಿನವರ ಹಾಗೆ ಅವನಿಗೂ ಲೋಕ ತನ್ನ ಕಸುಬಿನ ಮೂಲಕವೇ ಕಾಣುತ್ತಿತ್ತು. ಕೂಸಿಗೆ ಶೀತವಾಯಿತೇ, ನೆತ್ತಿಗೆ ಎಣ್ಣೆ ಹಚ್ಚು. ಮುದುಕಿಗೆ ಮಂಡಿನೋವೇ, ಎಣ್ಣೆ ಹಚ್ಚು. ಬಾಗಿಲು ಕಿರುಗುಟ್ಟಿತೇ, ಎಮ್ಮೆಯ ಕೋಡು ಒಡೆಯಿತೇ, ಮಗನಿಗೆ ಪರೀಕ್ಷೆಯಲ್ಲಿ ನೆನಪು ಕೈಕೊಟ್ಟಿತೇ, ಎಲ್ಲಕ್ಕೂ ಎಣ್ಣೆ. ಅವನ ಲೆಕ್ಕದಲ್ಲಿ ಕಷ್ಟಗಳು ಎರಡೇ ಜಾತಿ: ಎಣ್ಣೆ ಹಚ್ಚಿದ್ದು, ಇನ್ನೂ ಹಚ್ಚದೆ ಬಿಟ್ಟದ್ದು.

ಇಂಥ ಮನೆಗೆ ಒಬ್ಬ ಸೊಸೆ ಬಂದಳು. ಸುಮ್ಮನೆ ಬರಲಿಲ್ಲ, ಸೈಕಲ್ಲು ತಗೊಂಡು ಬಂದಳು.

ನಮ್ಮ ಈ ಕಡೆ ಬೆಳಿಗ್ಗೆ ಹೆದ್ದಾರಿಗೆ ಹೋದವರು ನೋಡಿಯೇ ಇರುತ್ತೀರಿ. ಹುಡುಗರು ಹುಡುಗಿಯರು ಸಾಲಾಗಿ, ಬೆನ್ನು ಬಾಗಿಸಿ, ಲಾರಿಗಳ ಪಕ್ಕದಲ್ಲೇ ಗಾಳಿ ಸೀಳಿಕೊಂಡು ಹೋಗುತ್ತಿರುತ್ತಾರೆ. ರೇಸ್ ಸೈಕಲ್ಲು. ಆ ಸೊಸೆ ಅಂಥ ಹುಡುಗಿ. ಲಗ್ನಕ್ಕೆ ಮೊದಲು ಕ್ರೀಡಾ ಹಾಸ್ಟೆಲ್ಲಿನಲ್ಲಿದ್ದು ರಾಜ್ಯದ ಪರವಾಗಿ ಸೈಕಲ್ಲು ಹೊಡೆದವಳು. ತವರಿನವರು ಪಾತ್ರೆ-ಪಡಗದ ಜೊತೆಗೆ ಅದನ್ನೂ ಟೆಂಪೋದಲ್ಲಿ ಹಾಕಿ ಕಳಿಸಿದರು. ಟಗರಿನ ಕೋಡಿನ ಹಾಗೆ ಬಾಗಿದ ಹ್ಯಾಂಡಲ್ಲು, ಬೆರಳು ದಪ್ಪದ ಟೈರು. ಕ್ಯಾರಿಯರ್ ಇಲ್ಲ, ಗಂಟೆ ಇಲ್ಲ, ಸ್ಟ್ಯಾಂಡೂ ಇಲ್ಲ. ಅತ್ತೆ ಅದನ್ನು ಹಿಂದೆ ಮುಂದೆ ನೋಡಿ ಹೇಳಿದಳು: "ಏನ್ ತಂಗಿ, ನಿಮ್ಮಪ್ಪ ಬರೇ ಎಲುಬು ಕಳಿಸ್ಯಾನಲ್ಲ. ಮೈ ಆಮ್ಯಾಲೆ ಬರತೈತೇನು?"

ಮಾವ ಮಾತ್ರ ನಗಲಿಲ್ಲ. ಸೊಸೆ ಕಷ್ಟಪಟ್ಟು ಗಳಿಸಿದ್ದು ಅಂತ ಅದನ್ನು ಗಾಣದ ಕೋಣೆಯಲ್ಲಿ, ಗೋಡೆಯ ಗೂಟಕ್ಕೆ, ಎಲ್ಲರಿಗೂ ಕಾಣುವ ಹಾಗೆ ತೂಗುಹಾಕಿದ. ಎಣ್ಣೆಗೆ ಬಂದ ಗಿರಾಕಿಗಳಿಗೆಲ್ಲ ತೋರಿಸಿದ. "ನಮ್ಮ ಸೊಸಿದರಿ. ಸ್ಟೇಟಿಗೆ ಹೊಡದಾಳ." ಗಿರಾಕಿ ಗಾಬರಿಯಾಗಿ "ಯಾರಿಗೆ?" ಅಂತ ಕೇಳುತ್ತಿದ್ದ. ಅದಿರಲಿ. ಇಷ್ಟು ಪ್ರೀತಿ ಇದ್ದವನು ಸುಮ್ಮನಿರುತ್ತಾನೆಯೇ? ಪ್ರತಿ ಸೋಮವಾರ ಮಡಿ ಉಟ್ಟು, ಗಾಣಕ್ಕೆ ಪೂಜೆ ಮಾಡಿ, ಗಾಣದಿಂದ ಬಿದ್ದ ಮೊದಲ ಎಣ್ಣೆಯನ್ನು ಬಟ್ಟಲಲ್ಲಿ ಹಿಡಿದು ಸೈಕಲ್ಲಿನ ಸರಪಳಿಗೆ ಹಚ್ಚುತ್ತಿದ್ದ. ದೇವರ ದೀಪಕ್ಕೆ ಇಟ್ಟ ಎಣ್ಣೆ, ನೋಡಿ. ತನ್ನ ಮಂಡಿಗೆ ಹಚ್ಚಿಕೊಳ್ಳಲಿಲ್ಲ, ಸೊಸೆಯ ಸೈಕಲ್ಲಿಗೆ ಹಚ್ಚಿದ.

ಈಗ ಇಲ್ಲಿ ಕುಸುಬಿ ಎಣ್ಣೆಯ ಡಬ್ಬಿ ತೊಳೆದ ತಾಯಂದಿರಿದ್ದೀರಿ. ಬಹಳ ದಿನ ಇಟ್ಟ ಡಬ್ಬಿಯ ಅಂಚಿನಲ್ಲಿ ಏನಿರುತ್ತದೆ? ಅಂಟು. ಉಗುರಿನಿಂದ ಕೆರೆದರೂ ಬಿಡುವುದಿಲ್ಲ. ಆ ಎಣ್ಣೆಯ ಗುಣವೇ ಅದು, ಗಾಳಿಗೆ ಬಿಟ್ಟರೆ ಒಣಗಿ ಅಂಟಾಗುತ್ತದೆ. ಅಡಿಗೆಗೆ ಅಮೃತ, ಸರಪಳಿಗೆ ಬಡಗಿಯ ಸರೇಸು. ಸೊಸೆಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೊದಲ ಸೋಮವಾರವೇ ಗೊತ್ತಾಗಿತ್ತು. ಹೇಳಲಿಲ್ಲ ಏಕೆ? ಬೈಯುವ ಮಾವನಿಗೆ ಎದುರು ಹೇಳುವುದು ಸುಲಭ. ಪ್ರೀತಿ ಮಾಡುವ ಮಾವನಿಗೆ ಎದುರು ಹೇಳುವುದು ಹೇಗೆ? ಅದಕ್ಕೆ ಯಾವ ತವರಿನವರೂ ತರಬೇತಿ ಕೊಟ್ಟು ಕಳಿಸುವುದಿಲ್ಲ. ಸೈಕಲ್ಲು ಹೇಗೂ ಗೂಟದ ಮೇಲಿದೆ, ಇರಲಿ ಬಿಡು ಅಂತ ಸುಮ್ಮನಾದಳು.

ವರ್ಷಗಳು ಹೋದವು. ಒಂದು ದಿನ ಮಾವನೇ ಪೇಟೆಯಿಂದ ಸುದ್ದಿ ತಂದ. ಹುಡುಗಿಯರ ಸೈಕಲ್ ಹಾಸ್ಟೆಲ್ಲಿಗೆ ಕಲಿಸುವವಳು ಒಬ್ಬಳು ಬೇಕಾಗಿದ್ದಾಳೆ. ಹಿಂದೆ ರೇಸ್ ಸೈಕಲ್ಲು ಹೊಡೆದವಳೇ ಆಗಬೇಕು, ತನ್ನದೇ ಸೈಕಲ್ಲು ತಂದು ಹುಡುಗಿಯರ ಜೊತೆ ಹೊಡೆದು ತೋರಿಸಬೇಕು. ಅವಳಿಗೆ ವಯಸ್ಸಿನ ಮಿತಿಯೊಳಗೆ ಅದೇ ಕೊನೆಯ ಅವಕಾಶ. ಅವಳ ಮುಖ ನೋಡಿ ಅತ್ತೆ ಅಂದಳು: "ಹೋಗು. ಲಗ್ನಾದಾಗಿಂದ ಈ ಮನ್ಯಾಗ ಗಾಣ ಒಂದs ತಿರಗಾಕತ್ತೈತಿ. ನೀನೂ ಒಂದೀಟು ತಿರಗು."

ಗಂಡ ಏನಂದ ಅಂತ ಕೇಳುತ್ತೀರಿ. ಗಂಡ ಇದ್ದ. ಊಟದ ಹೊತ್ತಿಗೆ ಇದ್ದ. ಅವನಿಗೂ ಒಪ್ಪಿಗೆ ಇತ್ತು.

ಹೊಸ ರೇಸ್ ಸೈಕಲ್ಲು ಕೊಳ್ಳುವ ಮಾತೇ ಇಲ್ಲ. ಆ ದುಡ್ಡಿಗೆ ಒಂದು ಜೋಡಿ ಎತ್ತು ಬರುತ್ತವೆ. ಹಳೆಯದನ್ನೇ ಏಳಿಸಬೇಕು. ಗೂಟದಿಂದ ಇಳಿಸಿದರು. ಪೆಡಲ್ಲು ತುಳಿದರೆ ಸರಪಳಿ ಬಾಗುವುದೇ ಇಲ್ಲ, ಕೋಲಾಗಿದೆ. ಹಿಂದಿನ ಹಲ್ಲಿನ ಚಕ್ರ ತಿರುಗುವುದೇ ಇಲ್ಲ. ಬಸ್ ಸ್ಟ್ಯಾಂಡಿನ ಸೈಕಲ್ ರಿಪೇರಿಯವನ ಹತ್ತಿರ ಹೊತ್ತುಕೊಂಡು ಹೋದಳು. ಅವನು ಸರಪಳಿಯನ್ನು ಮುಟ್ಟಿ, ಮೂಸಿ, ಅವಳ ಮುಖ ನೋಡಿದ.

"ಅಕ್ಕಾರ, ಇದಕ್ಕ ಏನ್ ಹಚ್ಚೀರಿ? ಬಾಗಲಕ್ಕ ವಾರ್ನಿಶ್ ಹೊಡದಂಗ ಆಗೇತಲ್ಲ."

"ಧೂಳಿರಬೇಕಪಾ," ಅಂದಳು.

"ಧೂಳು ನನ್ನ ಅಂಗಡ್ಯಾಗೂ ಐತ್ರಿ. ಇಷ್ಟು ಗಟ್ಟಿ ಇಲ್ಲ."

ಇದು ಅವಳು ಮಾವನ ಮರ್ಯಾದೆಗಾಗಿ ಹೇಳಿದ ಮೊದಲ ಸುಳ್ಳು. ಸಣ್ಣದು. ಸಣ್ಣ ಸುಳ್ಳುಗಳು ಹಪ್ಪಳದ ಹಾಗೆ, ಎಣ್ಣೆಗೆ ಬಿದ್ದ ಮೇಲೆ ಅಗಲವಾಗುತ್ತವೆ.

ರಿಪೇರಿ ನಡೆಯಿತು. ಹಳೆಯ ಡಬ್ಬಿಯಲ್ಲಿ ಡೀಸೆಲ್ ಹಾಕಿ ಸರಪಳಿಯನ್ನು ನೆನೆಸಿಟ್ಟು, ಸವೆದ ಹಲ್ಲುಜ್ಜುವ ಬ್ರಷ್ಷಿನಿಂದ ಕೊಂಡಿ ಕೊಂಡಿ ತಿಕ್ಕಿದಳು. ಹಾಸ್ಟೆಲ್ಲಿನ ಹಳೆಯ ಗೆಳತಿಯೊಬ್ಬಳು ತಾನು ಬಳಸಿ ಬಿಟ್ಟ ಟೈರುಗಳನ್ನು ಕೊಟ್ಟಳು. ಹರಿದ ಸೀಟಿಗೆ ಆಟೋ ಸೀಟು ಹೊಲಿಯುವವನು ಉಳಿದ ರೆಕ್ಸಿನ್ ತುಂಡು ಹಾಕಿದ. ಹ್ಯಾಂಡಲ್ಲಿಗೆ ಸುತ್ತುವ ಪಟ್ಟಿ ತುಟ್ಟಿ ಅಂತ ಅತ್ತೆಯ ಹಳೆಯ ಇಳಕಲ್ ಸೀರೆಯ ಅಂಚನ್ನೇ ಹರಿದು ಬಿಗಿಯಾಗಿ ಸುತ್ತಿದರು. "ಮೈ ಬರಾಕತ್ತಿತು ಈಗ," ಅಂದಳು ಅತ್ತೆ. ಹೊಸದಾಗಿ ಕೊಂಡದ್ದು ಬ್ರೇಕಿನ ರಬ್ಬರು, ಅದರ ತಂತಿ. ಅಷ್ಟೇ. ಅದನ್ನು ರಿಪೇರಿಯವನು ಹಾಕಿಕೊಟ್ಟ. ಸೈಕಲ್ಲು ಮತ್ತೆ ಓಡಿತು.

ಇನ್ನು ಮಾವ. ದಿನವೂ ಓಡುವ ಸೈಕಲ್ಲಿಗೆ ವಾರಕ್ಕೊಮ್ಮೆ ಎಣ್ಣೆ ಸಾಕೇ? ದಿನವೂ ಬೇಕು. ಬೆಳಿಗ್ಗೆ ಎದ್ದು ಹಚ್ಚಿದ. ಮಧ್ಯಾಹ್ನ ಅವನು ಅಡ್ಡಾದಾಗ ಸೊಸೆ ಹಳೆಯ ಅರಿವೆಯಿಂದ ಪೂರ್ತಿ ಒರೆಸಿದಳು. ಮರುದಿನ ಮಾವ ಬಂದು ನೋಡುತ್ತಾನೆ, ಸರಪಳಿ ಒಣಗಿದೆ. ಪಾಪ, ಎಷ್ಟು ಬಾಯಾರಿಕೆ ಇದಕ್ಕೆ ಅಂದುಕೊಂಡು ಇನ್ನಷ್ಟು ಹಚ್ಚಿದ. ಅವಳು ಇನ್ನಷ್ಟು ಒರೆಸಿದಳು. ಅವನು ಕಟ್ಟೆಯ ಮೇಲೆ ಕೂತು ಗೆಳೆಯರಿಗೆ ಹೇಳತೊಡಗಿದ: "ಎಣ್ಣಿ ಕುಡ್ಯಾಕತ್ತೈತಿ ನೋಡ್ರಿ ಸೈಕಲ್ಲು. ಹಚ್ಚಿದ್ದು ಹಚ್ಚಿದಂಗ ಮಾಯ. ಜೀವ ಬಂದೈತಿ ಅದಕ್ಕ."

ನಗುತ್ತೀರಿ. ನಗಿ. ಆದರೆ ನೋಡಿ, ಇದರಲ್ಲಿ ಕೆಟ್ಟವರು ಯಾರು? ಅವನು ಪ್ರೀತಿಯಿಂದ ಹಚ್ಚುತ್ತಿದ್ದಾನೆ. ಅವಳು ಗೌರವದಿಂದ ಒರೆಸುತ್ತಿದ್ದಾಳೆ. ನಡುವೆ ಅಷ್ಟು ಒಳ್ಳೆಯ ಎಣ್ಣೆ ಅರಿವೆಯ ಪಾಲು.

ಆಯ್ಕೆಯ ದಿನ ಬಂತು. ಮಾವ ಎಲ್ಲರಿಗಿಂತ ಮೊದಲು ಎದ್ದ. ಇವತ್ತು ಸರಪಳಿ ಒಂದೇ ಸಾಕೇ? ಗಾಲಿ ಮಿಂಚಬೇಕು, ನುಣ್ಣಗೆ ಓಡಬೇಕು. ಬಟ್ಟಲು ತುಂಬ ಎಣ್ಣೆ ತಂದು ಎರಡೂ ಗಾಲಿಯ ಲೋಹದ ಅಂಚಿಗೆ, ಅದೇ ರಿಮ್ಮಿಗೆ, ಮಗುವಿನ ಮೈಗೆ ಹಚ್ಚಿದ ಹಾಗೆ ಹಚ್ಚಿ ತೀಡಿದ. ಸೈಕಲ್ಲಿನ ಬ್ರೇಕು ಗೊತ್ತಲ್ಲ ನಿಮಗೆ? ಎರಡು ರಬ್ಬರ್ ತುಂಡು ಆ ರಿಮ್ಮನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯಬೇಕು. ಹಿಡಿಯುವ ಜಾಗಕ್ಕೇ ಎಣ್ಣೆ.

ಸೊಸೆ ಹೊರಗೆ ಬಂದಳು. ಅತ್ತೆ ಆರತಿ ತಟ್ಟೆ ಹಿಡಿದು ನಿಂತಿದ್ದಾಳೆ. ಓಣಿಯವರು ಬಂದಿದ್ದಾರೆ. ಗಾಲಿ ಬಿಸಿಲಿಗೆ ಮಿಂಚುತ್ತಿದೆ. ನೋಡಿದ ಕೂಡಲೇ ಏನಾಗಿದೆ ಅಂತ ಅವಳಿಗೆ ತಿಳಿಯಿತು. ಹೇಳಬೇಕು. ಎಲ್ಲರ ಮುಂದೆ ಹೇಗೆ ಹೇಳುವುದು? ಓಣಿಯ ತುದಿಯವರೆಗೆ ಹೋಗಿ, ಇವರ ಕಣ್ಣು ಮರೆಯಾದ ಮೇಲೆ ಒರೆಸಿದರಾಯಿತು ಅಂದುಕೊಂಡಳು. ಆರತಿ ತಗೊಂಡು ಹತ್ತಿದಳು.

ಆ ಓಣಿ ಇಳಿಜಾರು. ಕೆಳಗೆ ಹೆದ್ದಾರಿ. ಹೆದ್ದಾರಿಯಲ್ಲಿ ಲಾರಿಗಳು.

ಬ್ರೇಕು ಹಿಚುಕಿದಳು. ಏನೂ ಇಲ್ಲ. ಎರಡೂ ಕೈಯಿಂದ ಹಿಚುಕಿದಳು. ಗಾಲಿ ನುಣ್ಣಗೆ, ಬಹಳ ನುಣ್ಣಗೆ ಓಡಿತು. ಅವಳು ರೇಸಿನಲ್ಲಿ ಪಳಗಿದವಳು, ಗಾಬರಿಯಾಗಲಿಲ್ಲ. ಹೆದ್ದಾರಿಗೆ ಮೊದಲು ಒಬ್ಬರ ಹಿತ್ತಿಲಲ್ಲಿ ಜೋಳದ ಒಣದಂಟಿನ, ಅದೇ ಕಣಕಿಯ, ಬಣವೆ ಇತ್ತು. ಹ್ಯಾಂಡಲ್ಲು ಹೊರಳಿಸಿ ನೇರ ಅದರೊಳಗೆ ನುಗ್ಗಿಸಿದಳು. ಮೊಣಕೈ ತರಚಿತು, ತಲೆ ತುಂಬ ಕಣಕಿ. ಜೀವಕ್ಕೆ ಏನೂ ಆಗಲಿಲ್ಲ.

ಮಾವ ಬರಿಗಾಲಲ್ಲಿ ಓಡಿ ಬಂದ. ಅವಳನ್ನು ಎಬ್ಬಿಸಿದ, ಕೈಕಾಲು ನೋಡಿದ. ತಲೆಯ ಕಣಕಿ ಕೊಡವಿದ. ಆಮೇಲೆ ಬ್ರೇಕಿನ ಕಡೆ ನೋಡಿದ, ಮುಖ ಕೆಂಪಾಯಿತು.

"ಬ್ರೇಕ್ ಹಾಕಿದವ ಅವನs ಅಲ್ಲೇನು, ಬಸ್ ಸ್ಟ್ಯಾಂಡಿನವ? ಕೊಂದs ಬಿಡ್ತಿದ್ದನಲ್ಲ ನನ್ನ ಸೊಸೀನ. ಇವತ್ತ ಅವನ ಅಂಗಡಿ ಕಿತ್ತಿ ಒಗೀತೀನಿ." ಓಣಿಯ ಹುರುಪಿನವರು ನಾಲ್ಕು ಜನ ಅವನ ಹಿಂದೆ ಹೊರಟೇಬಿಟ್ಟರು. ಜಗಳಕ್ಕೆ ಜೊತೆ ಬರುವವರಿಗೆ ನಮ್ಮಲ್ಲಿ ಎಂದೂ ಬರಗಾಲವಿಲ್ಲ.

ಈಗ ಸೊಸೆ ಏನು ಮಾಡಬೇಕು? ನೀವು ಹೇಳಿ. ಸುಮ್ಮನಿದ್ದರೆ ಮಾವನ ಮರ್ಯಾದೆ ಉಳಿಯುತ್ತದೆ, ಏನೂ ತಪ್ಪು ಮಾಡದವನ ಅಂಗಡಿ ಹೋಗುತ್ತದೆ. ಹೇಳಿದರೆ ಮಾವನ ಎದೆ ಒಡೆಯುತ್ತದೆ. ಇಷ್ಟು ದಿನ ಅವಳು ಒರೆಸುತ್ತಾ ಬಂದ ಮಾತು ಈಗ ದಾರಿಗೆ ಅಡ್ಡ ನಿಂತಿತು.

"ಮಾವಾರ, ನಿಂದರ್ರಿ. ಅವನ ತಪ್ಪಿಲ್ರಿ."

"ಮತ್ಯಾರದು?"

"ಎಣ್ಣೀದ್ರಿ."

"ಯಾವ ಎಣ್ಣಿ?"

"ನಮ್ಮ ಎಣ್ಣೀನ್ರಿ."

ಗಾಣದವನು ತಿರುಗಿ ಬಂದ. "ನಮ್ಮ ಎಣ್ಣ್ಯಾಗ ಕಲಬೆರಕಿ ಇಲ್ಲ, ತಂಗಿ."

"ಇಲ್ರಿ. ಚೊಲೊ ಎಣ್ಣಿರಿ. ಆದ್ರ ಗಾಲಿಗೆ ಹಚ್ಚಬಾರದ್ರಿ. ಬ್ರೇಕ್ ಹಿಡಿಯೂದಿಲ್ಲ."

"ಸರಪಳಿಗೆ?"

"ಅಲ್ಲೂ ಬ್ಯಾಡ್ರಿ. ಅಂಟಾಕ್ಕೈತಿ."

ಅವನು ಬಗ್ಗಿ ಸರಪಳಿ ಮುಟ್ಟಿ ನೋಡಿದ. ಆಮೇಲೆ ಚಿಕ್ಕ ಮಕ್ಕಳು ಕೇಳುವ ಹಾಗೆ ಕೇಳಿದ: "ಮತ್ತ ಅದು ಕುಡೀತಿತ್ತಲ್ಲ?"

ಸೊಸೆ ತಲೆ ತಗ್ಗಿಸಿದಳು. "ಕುಡೀತಿರ್ಲಿಲ್ರಿ. ನಾ ಒರಸ್ತಿದ್ದೆ."

ಅತ್ತೆ ಆರತಿ ತಟ್ಟೆ ಹಿಡಿದುಕೊಂಡೇ ಇಳಿದು ಬಂದಿದ್ದಳು. ಅವಳೇ ಅಂದಳು: "ನಾ ನೋಡೀನಿ ದಿನಾ. ಮುಂಜಾನೆ ಇವರು ಹಚ್ಚೂದು, ಮಧ್ಯಾಹ್ನ ಅಕಿ ಒರಸೂದು. ಇದೂ ಒಂದು ಗಾಣಾನ ಅಂತ ತಿಳಕೊಂಡು ಸುಮ್ಮನಾದೆ."

ಗಾಣದವನು ನಗಲಿಲ್ಲ, ಬೈಯಲೂ ಇಲ್ಲ. ಹೆಗಲ ಮೇಲಿನ ಶಲ್ಯ ತೆಗೆದ. ಮಠಕ್ಕೆ ಹೋಗುವಾಗ ಮಾತ್ರ ಹಾಕುವ ಶಲ್ಯ, ಸೊಸೆಯನ್ನು ಕಳಿಸಲು ಅಂತ ಹಾಕಿದ್ದ. ಅದರಿಂದಲೇ ಗಾಲಿ ಒರೆಸತೊಡಗಿದ. ಹೆಂಡತಿಗೆ ಒಂದೇ ಮಾತು ಅಂದ: "ಬಚ್ಚಲ ಒಲಿ ಬೂದಿ ತಾ." ಬೂದಿ ಬಂತು, ಸಾಬೂನು ನೀರು ಬಂತು. ಅವನು ಒಂದು ಗಾಲಿ, ಅವಳು ಒಂದು ಗಾಲಿ, ಜಿಡ್ಡು ಹೋಗುವವರೆಗೆ ತಿಕ್ಕಿದರು. ಬ್ರೇಕಿನ ರಬ್ಬರನ್ನು ಒರಟು ಕಲ್ಲಿಗೆ ಉಜ್ಜಿ ಎಣ್ಣೆ ತೆಗೆದಳು. ಗಾಲಿ ಎತ್ತಿ ತಿರುಗಿಸಿ ಬ್ರೇಕು ಹಿಡಿದು ನೋಡಿದಳು. ಗಕ್ಕನೆ ನಿಂತಿತು. ಅವಳು ಹತ್ತಿ ಹೊರಟಾಗ ಹಿಂತಿರುಗಿ ನೋಡಿದಳು. ಬಣವೆಯ ಹತ್ತಿರ ಅತ್ತೆ ಇದ್ದಳು, ಮಾವ ಇರಲಿಲ್ಲ.

ಕೆಲಸ ಸಿಕ್ಕಿತೇ? ತಡವಾಗಿ ಹೋದಳು, ಕೊನೆಯ ಗುಂಪಿನಲ್ಲಿ ಬಿಟ್ಟರು. ಆಯ್ಕೆ ಮಾಡುವವರು ಏರಿನಲ್ಲಿ ಯಾರು ಮುಂದೆ ಹೋದರು ಅಂತ ನೋಡಲೇ ಇಲ್ಲ. ಗುಡ್ಡದ ಇಳಿಜಾರಿನಲ್ಲಿ ಎಳೆಯ ಹುಡುಗಿಯರ ಸಾಲನ್ನು ಒಬ್ಬರೂ ಬೀಳದ ಹಾಗೆ ಯಾರು ಇಳಿಸಿಕೊಂಡು ಬರುತ್ತಾರೆ ಅಂತ ನೋಡಿದರು. ಆ ದಿನ ಬ್ರೇಕಿನ ಬೆಲೆ ಅವಳಿಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ. ಕೆಲಸ ಸಿಕ್ಕಿತು.

ಸಿಕ್ಕಿತು, ಆದರೆ ಸಂತೋಷ ಬರಲಿಲ್ಲ. ಸಂಜೆ ಮನೆಗೆ ಬಂದು ಮೊದಲು ಕೇಳಿದ್ದು: "ಮಾವಾರ ಎಲ್ಲ್ಯದಾರ?"

"ನನಗ ಹೇಳಿ ಹೋಗ್ತಾರೇನು?" ಅಂದಳು ಅತ್ತೆ. "ಮಧ್ಯಾಹ್ನ ಉಣ್ಣಲಿಲ್ಲ. ಗಾಣಾ ಬಂದ್ ಮಾಡಿ ಪ್ಯಾಟಿ ಕಡೆ ಹೋಗ್ಯಾರ."

ಗಾಣದವನು ಎಲ್ಲಿದ್ದ ಗೊತ್ತೇ? ಕಬ್ಬಿಣ ಸಾಮಾನಿನ ಅಂಗಡಿಯ ಮುಂದೆ ಅತ್ತಿಂದಿತ್ತ ತಿರುಗುತ್ತಿದ್ದ. ಗಿರಾಕಿಗಳು ಕರಗಲಿ ಅಂತ ಕಾಯುತ್ತಿದ್ದ. ಕರಗಲಿಲ್ಲ. ಕೊನೆಗೆ ಒಳಗೆ ಹೋಗಿ, ದನಿ ತಗ್ಗಿಸಿ, ಹೊಲಿಗೆ ಮಷೀನಿಗೆ ಹಾಕುತ್ತಾರಲ್ಲ, ಆ ಎಣ್ಣೆ ಕೇಳಿದ. ಅಂಗಡಿಯವನು ದನಿ ತಗ್ಗಿಸುತ್ತಾನೆಯೇ?

"ಏನ್ರಿ ಗಾಣದ ಸಾವಕಾರ್ರ, ನಿಮ್ಮ ಮನ್ಯಾಗ ಎಣ್ಣಿ ತೀರಿತೇನು?"

ಅಂಗಡಿ ತುಂಬ ನಗು. ಅಜ್ಜ-ಮುತ್ತಜ್ಜರ ಕಾಲದಿಂದ ಊರಿಗೆಲ್ಲ ಎಣ್ಣೆ ಕೊಟ್ಟ ಮನೆ ಅದು. ಆ ಮನೆಯವರು ಎಣ್ಣೆ ಕೊಳ್ಳಲು ಇನ್ನೊಬ್ಬರ ಅಂಗಡಿ ಮೆಟ್ಟಿಲು ಹತ್ತಿದ್ದು ಅದೇ ಮೊದಲು. ಅವನು ಶೀಶೆ ತಗೊಂಡು ದುಡ್ಡು ಇಟ್ಟು ಹೇಳಿದ: "ನಮ್ಮ ಎಣ್ಣಿ ನಿಮಗ. ಇದು ಸೊಸಿ ಸೈಕಲ್ಲಿಗೆ. ಅಕಿ ಹೇಳ್ಯಾಳ."

ಮನೆಗೆ ಬಂದು ಸೊಸೆಯ ಮುಂದೆ ಶೀಶೆ ಇಟ್ಟ. "ಇದು ಹೌದಲ್ಲವ್ವ?"

"ಹೌದ್ರಿ."

"ಎಷ್ಟು ಹಚ್ಚಬೇಕು?"

"ಕೊಂಡಿಗೆ ಒಂದೊಂದ ಹನಿರಿ. ಆಮ್ಯಾಲೆ ಮ್ಯಾಲಿಂದು ಒರಸಿಬಿಡೂದು."

"ಇದನ್ನೂ ಒರಸೂದ?" ಅಂದ. ಹಳೆಯ ಅರಿವೆಯನ್ನು ತಾನೇ ತಂದು ಕೊಟ್ಟು, "ಆತು. ನನ್ನ ಮುಂದs ಒರಸು," ಅಂದ. ಅದಾದ ಮೇಲೆಯೇ ಕೆಲಸದ ವಿಷಯ ಕೇಳಿದ್ದು. ಸಿಕ್ಕಿತು ಅಂದಾಗ ಕಣ್ಣು ಒರೆಸಿಕೊಂಡು, ಕೈ ಜಿಡ್ಡಾಗಿದೆ, ಕಣ್ಣಿಗೆ ಹತ್ತಿತು ಅಂದ. ಮರುದಿನ ಕಟ್ಟೆಯ ಮೇಲೆ ಕೂತು ಏನು ಹೇಳಿದ? "ಎಲ್ಲಾ ನಮ್ಮ ಎಣ್ಣಿ ಪ್ರಭಾವ." ಮನುಷ್ಯ ಒಂದೇ ದಿನದಲ್ಲಿ ಪೂರ್ತಿ ಬದಲಾಗುತ್ತಾನೆ ಅಂತ ನಾನು ನಿಮಗೆ ಸುಳ್ಳು ಹೇಳುವುದಿಲ್ಲ.

ಈಗ ನಿಮ್ಮ ಸರದಿ. ಸೈಕಲ್ಲು ಇಲ್ಲಿಗೆ ಬಿಡಿ.

ನಿಮ್ಮಲ್ಲಿ ಸೇವೆ ಮಾಡದವರು ಯಾರೂ ಇಲ್ಲ. ಮಾಡುತ್ತೀರಿ, ಬೇಕಾದಷ್ಟು ಮಾಡುತ್ತೀರಿ. ಕೇಳಿ ಮಾಡುತ್ತೀರಾ? ಸಕ್ಕರೆ ಕಾಯಿಲೆಯ ಬೀಗರ ತಾಟಿಗೆ ಹೋಳಿಗೆ ಬಡಿಸಿ, ಬೇಡ ಅಂದ ಕೈಯನ್ನು ಸರಿಸಿ ಮತ್ತೊಂದು ಬಡಿಸುತ್ತೀರಿ. ಅದು ಬೀಗರಿಗೆ ಬಡಿಸಿದ್ದೋ ನಿಮ್ಮ ಹೆಸರಿಗೆ ಬಡಿಸಿದ್ದೋ? ಮಗಳು ಒಂದು ಮಾತು ಹೇಳಬೇಕು ಅಂತ ಬಂದು ನಿಂತರೆ, ಕೇಳುವ ಮೊದಲೇ ಬುದ್ಧಿ ಹೇಳಿ ಕಳಿಸುತ್ತೀರಿ. ನಿಮ್ಮಲ್ಲಿರುವುದನ್ನು ಕೊಡುವುದು ಸುಲಭ. ಅವರಿಗೆ ಬೇಕಾದದ್ದನ್ನು ಕೊಡುವುದಕ್ಕೆ ಒಮ್ಮೊಮ್ಮೆ ನಿಮ್ಮ ಗಾಣ ಬಂದ್ ಮಾಡಿ ಇನ್ನೊಬ್ಬರ ಅಂಗಡಿಗೆ ಹೋಗಬೇಕಾಗುತ್ತದೆ, ನಾಲ್ಕು ಜನ ನಗುತ್ತಾರೆ. ಹೋಗಿ. ನಗಲಿ.

ಇನ್ನು ಒರೆಸುವವರು. ನೀವೂ ಬಹಳ ಜನ ಇದ್ದೀರಿ, ಮುಂದಿನ ಸಾಲಿನಲ್ಲೇ ಇದ್ದೀರಿ. ಎದುರಿಗೆ ಹೂಂ ಅಂದು, ಹಿಂದಿನಿಂದ ಒರೆಸುವುದು. ಅದಕ್ಕೆ ಗೌರವ ಅಂತ ಹೆಸರಿಟ್ಟಿದ್ದೀರಿ. ನೋಡಿ ತಾಯಿ, ನಿಮ್ಮನ್ನು ಪ್ರೀತಿಸುವವರಿಗೆ "ಇದು ಬೇಡ, ಇದು ಬೇಕು" ಅಂತ ಹೇಳದೆ ಇದ್ದರೆ ಅವರು ಜೀವಮಾನವೆಲ್ಲ ಕುರುಡಾಗಿ ಹಚ್ಚುತ್ತಲೇ ಇರುತ್ತಾರೆ. ಅವರ ಪ್ರೀತಿಯನ್ನು ಅರಿವೆಯಲ್ಲಿ ಒರೆಸಿ ಬಿಸಾಡಿದ್ದು ನೀವು. ಹೇಳಿದರೆ ಒಂದು ಹೊತ್ತು ಊಟ ಬಿಟ್ಟಾರು. ಬಿಡಲಿ, ಸಂಜೆಗೆ ಹಸಿವಾಗುತ್ತದೆ.

ನಾನೇ ಈಗ ಮೊದಲು ಮಾಡಿ ತೋರಿಸುತ್ತೇನೆ. ಶ್ರಾವಣ ಶುರುವಾದಾಗಿನಿಂದ ದಿನಕ್ಕೊಂದು ಮನೆಯಿಂದ ಮಠಕ್ಕೆ, ನನ್ನ ಊಟಕ್ಕೆ ಅಂತ, ಸಿಹಿ ಗೋಧಿ ಹುಗ್ಗಿ ಬರುತ್ತಿದೆ. ಭಕ್ತಿಯಿಂದ ತರುತ್ತೀರಿ, ತುಪ್ಪ ಸುರಿದು ತರುತ್ತೀರಿ. ನಾಳೆ ಬೇಡ. ಒಂದು ರೊಟ್ಟಿ, ಒಂದಿಷ್ಟು ಪುಂಡಿಪಲ್ಯ ಸಾಕು. ನೋಡಿ, ಹೇಳಿದೆ. ಯಾರೂ ಸಾಯಲಿಲ್ಲ.

ಇವತ್ತು ಮನೆಗೆ ಹೋದ ಮೇಲೆ ದೇವರಿಗೆ ದೀಪ ಹಚ್ಚುವ ಮುಂಚೆ ಇಷ್ಟು ಮಾಡಿ. ನೀವು ಯಾರಿಗಾಗಿ ಬಹಳ ಮಾಡುತ್ತಿದ್ದೀರಿ ಅಂದುಕೊಂಡಿದ್ದೀರೋ ಅವರ ಪಕ್ಕದಲ್ಲಿ ಕೂತು, "ನಾನು ಮಾಡುವುದರಲ್ಲಿ ನಿನಗೆ ಬೇಡವಾದದ್ದು ಯಾವುದು?" ಅಂತ ಕೇಳಿ. ಕೇಳಿ ಸುಮ್ಮನಿರಿ. ಅವರು ಹೇಳುವುದಕ್ಕೆ ಹೊತ್ತು ಬೇಕಾಗುತ್ತದೆ, ಎಷ್ಟೋ ವರ್ಷದ್ದು ಇರುತ್ತದೆ. ಹೇಳಿ ಮುಗಿಸುವವರೆಗೆ ಏಳಬೇಡಿ.